ದೊರೆಯ ಕೋಟು

ಹೊರಡುವ ಮುನ್ನ ಬೆಂಗಳೂರಿನಲ್ಲಿ ನಾನು ಆರಿಸಿ ಆರಿಸಿ ಕೊಂಡಿದ್ದ ಉಣ್ಣೆಯ ಕೋಟು ಸ್ಟಾಕ್‌ಹೋಮಿನ ಚಳಿಯ ಮುಂದೆ ಒಂದು ದಿನವೂ ನಿಲ್ಲಲಿಲ್ಲ. ಮಗಳು ಅದನ್ನು ಮಡಿಸಿ ಪೆಟ್ಟಿಗೆಗೆ ಸೇರಿಸಿ, ಅಳಿಯಂದಿರ ಹಳೆಯ ಕೋಟೊಂದನ್ನು ತಂದು ನನ್ನ ಹೆಗಲಿಗೇರಿಸಿದಳು. ಅಳಿಯಂದಿರು ಆರಡಿಯ ಆಳು; ನಾನು ಐದಡಿ ಮೂರಂಗುಲ. ತೋಳು ಬೆರಳ ತುದಿಯನ್ನೂ ದಾಟಿ ಇಳಿಯಿತು. ಕನ್ನಡಿಯಲ್ಲಿ ನೋಡಿಕೊಂಡೆ, ರಾಗಿ ಹೊಲದ ಬೆದರುಬೊಂಬೆಯೇ ವಿಮಾನ ಹತ್ತಿ ಬಂದಂತೆ ಕಂಡಿತು. ಆದರೆ ಬೆಚ್ಚಗಿತ್ತು. 76ನೆಯ ವಯಸ್ಸಿನಲ್ಲಿ ಬೆಚ್ಚಗಿರುವುದಕ್ಕಿಂತ ಬೇರೆ ಅಲಂಕಾರ ಯಾವುದು? ಇನ್ನೊಬ್ಬರ ಕೋಟು ನಮ್ಮ ಮನೆತನಕ್ಕೆ ಹೊಸದೂ ಅಲ್ಲ. ನಾನು ಹುಡುಗನಾಗಿದ್ದಾಗ ನಮ್ಮ ಮನೆಯಲ್ಲಿ ಅಂಥದೊಂದು ಇದ್ದಿತು. ಅದರ ವಿಷಯ ಆಮೇಲೆ ಹೇಳುತ್ತೇನೆ.

ಈ ಬೆದರುಬೊಂಬೆಯನ್ನು ಮೊಮ್ಮಗ ಒಂದು ಮಧ್ಯಾಹ್ನ ಅಲ್ಲಿನ ಅರಮನೆಗೆ ಕರೆದುಕೊಂಡು ಹೋದ. ಅರಮನೆಯ ನೆಲಮಾಳಿಗೆಯಲ್ಲಿ ದೊರೆಗಳ ಆಯುಧಶಾಲೆಯೊಂದಿದೆ. ಆಯುಧಶಾಲೆ ಎಂದು ಹೆಸರೇ ಹೊರತು ಅಲ್ಲಿ ಕತ್ತಿ ಕಠಾರಿಗಳ ಜೊತೆಗೆ ಸಾರೋಟುಗಳೂ ಮದುವೆಯ ಉಡುಪುಗಳೂ ಇವೆ; ಹುಲ್ಲು ತುಂಬಿದ ಕುದುರೆಯೂ ಒಂದು ಇದೆ. ಮೊಮ್ಮಗನ ಆಸಕ್ತಿಯೆಲ್ಲ ಕುದುರೆಯ ಮೇಲೆ. ಅದರ ಹೆಸರು ಸ್ಟ್ರೈಫ್. ಅದರ ಬೆನ್ನ ಮೇಲೆ ಕುಳಿತೇ ಸ್ವೀಡನ್ನಿನ ದೊರೆ ಗುಸ್ತಾವ್ ಅಡಾಲ್ಫ್ ತನ್ನ ಕೊನೆಯ ಯುದ್ಧಕ್ಕೆ ಹೋದದ್ದು. ಹುಡುಗ ಕುದುರೆಯ ಮುಂದೆ ನಿಂತ. ನಾನು ದೊರೆಯ ಕೋಟಿನ ಮುಂದೆ ನಿಂತೆ.

ಜರತಾರಿಯ ಕೋಟಲ್ಲ ಅದು. ಚರ್ಮದ್ದು. ನಮ್ಮ ಕಡವೆಗಿಂತ ದೊಡ್ಡದಾದ ಎಲ್ಕ್ ಎಂಬ ಪ್ರಾಣಿಯ ತೊಗಲನ್ನು ಹದಮಾಡಿ ಹೊಲಿದದ್ದು. ಹಳೆಯ ತಾಳೆಗರಿಯ ಬಣ್ಣ. ಅಂಚು ದಪ್ಪ, ಮಡಿಕೆ ಬಿರುಸು. ನಮ್ಮ ಕಡೆ ಕಪಿಲೆಬಾವಿಯ ಕಪಿಲೆ ಒಣಗಿದಾಗ ಇರುತ್ತದಲ್ಲ, ಹಾಗೆ. ತೋಳಿನಲ್ಲೊಂದು, ಬೆನ್ನಿನಲ್ಲೊಂದು ಗುಂಡು ಹೊಕ್ಕ ತೂತು. ಬೆನ್ನಿನ ತೂತಿನೊಳಗೆ ನನ್ನ ಕಿರುಬೆರಳು ಹೋಗಬಹುದು ಎಂದು ಒಂದು ಅಂದಾಜು ಮನಸ್ಸಿಗೆ ಬಂತು. ಬಂದದ್ದಕ್ಕೆ ನಾಚಿಕೆಯೂ ಆಯಿತು.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಚರಿತ್ರೆ ಹೇಳಿದವನು ನಾನು. ಯೂರೋಪಿನಲ್ಲಿಯೂ ಒಂದು ಮೂವತ್ತು ವರ್ಷಗಳ ಯುದ್ಧ ನಡೆಯಿತೆಂದು ಪ್ರತಿ ವರ್ಷವೂ ಹುಡುಗರಿಗೆ ಹೇಳುತ್ತಿದ್ದೆ. 1618ರಲ್ಲಿ ಮೊದಲಾಯಿತು, 1648ರಲ್ಲಿ ವೆಸ್ಟ್‌ಫೇಲಿಯಾದ ಒಪ್ಪಂದದಿಂದ ಮುಗಿಯಿತು. ಕಾರಣಗಳು ನಾಲ್ಕು, ಪರಿಣಾಮಗಳು ಐದು. ಗುಸ್ತಾವ್ ಅಡಾಲ್ಫನಿಗೆ ಒಂದು ವಾಕ್ಯ: 1632ರಲ್ಲಿ ಲ್ಯೂಟ್ಸೆನ್ ಎಂಬಲ್ಲಿ ಗೆದ್ದು ಮಡಿದನು. ಆ ಸಿಪಾಯಿಗಳು ಏನು ತೊಟ್ಟಿದ್ದರು ಸಾರ್ ಎಂದು ಯಾವ ಹುಡುಗನೂ ಕೇಳಲಿಲ್ಲ. ಕೇಳಿದ್ದರೆ, ಪರೀಕ್ಷೆಗೆ ಬರುವುದಿಲ್ಲ, ಕುಳಿತುಕೋ ಎನ್ನುತ್ತಿದ್ದೆನೇನೋ. ಈಗ ಯಾರೂ ಕೇಳದೆಯೇ ನನಗೆ ಅದೇ ಪ್ರಶ್ನೆ ಹತ್ತಿಕೊಂಡಿತು. ಉಳಿದ ಒಂದೂವರೆ ತಿಂಗಳು ಮಗಳ ಮನೆಯಲ್ಲಿ ಕುಳಿತು ಓದಿದೆ. ಹೊರಗೆ ಹಿಮ, ಬೇರೆ ಕೆಲಸವಾದರೂ ಏನಿತ್ತು?

ಸೈನ್ಯ ಎಂದರೆ ನಮ್ಮ ಕಣ್ಣಿಗೆ ಕಟ್ಟುವುದು ಒಂದೇ ಬಣ್ಣದ ಸಾಲು. ಆ ಯುದ್ಧದ ಕಾಲದಲ್ಲಿ ಹಾಗಿರಲಿಲ್ಲ. ಸಿಪಾಯಿ ಊರಿನಿಂದ ಹೊರಟಾಗ ತೊಟ್ಟಿದ್ದ ಅಂಗಿಯಲ್ಲಿಯೇ ಯುದ್ಧಕ್ಕೆ ಬರುತ್ತಿದ್ದ. ಯಾವನಾದರೂ ದಳಪತಿ ಸಗಟಿನಲ್ಲಿ ಬಟ್ಟೆ ಕೊಂಡು ತನ್ನ ದಳಕ್ಕೆಲ್ಲ ಹೊಲಿಸಿದರೆ ಅವರು ಒಂದು ಬಣ್ಣದವರಾದರು. ಆ ಬಟ್ಟೆಯ ಹಣವನ್ನು ಅವರ ಸಂಬಳದಲ್ಲಿಯೇ ಹಿಡಿಯುತ್ತಿದ್ದರು. ಸಂಬಳ ಬಂದರೆ ತಾನೆ? ಅಂಗಿ ಹರಿದಾಗ ಸತ್ತವನದೋ ರೈತನದೋ ಇನ್ನೊಂದು ಅಂಗಿ. ಹೀಗಾಗಿ ಎರಡು ಸೈನ್ಯಗಳು ಎದುರೆದುರು ನಿಂತರೆ ಜಾತ್ರೆಯ ಎರಡು ಗುಂಪುಗಳಂತೆ ಕಾಣುತ್ತಿದ್ದಿರಬೇಕು. ನಮ್ಮವನು ಯಾರು, ಅವರವನು ಯಾರು? 1631ರಲ್ಲಿ ಬ್ರೈಟೆನ್‌ಫೆಲ್ಡ್ ಎಂಬಲ್ಲಿ ಸ್ವೀಡನ್ನಿನವರು ಟೋಪಿಗೆ ಹಸಿರು ಸೊಪ್ಪಿನ ಕುಡಿ ಸಿಕ್ಕಿಸಿಕೊಂಡರು. ಎದುರಾಳಿಗಳು ಬಿಳಿಯ ಬಟ್ಟೆಯ ಚೂರು ಕಟ್ಟಿಕೊಂಡರು. ಅಷ್ಟೇ ಗುರುತು. ಸೊಪ್ಪು ಬಾಡಿದರೆ, ಚೂರು ಉದುರಿದರೆ ದೇವರೇ ಗತಿ. ಚಕ್ರವರ್ತಿಯ ಕಡೆಯವರು ಕೆಂಪು ನಡುಕಟ್ಟನ್ನು ಹೆಗಲಿನಿಂದ ಇಳಿಬಿಡುತ್ತಿದ್ದರು. ಇದರ ಮೇಲೆ ಒಂದು ಕೂಗು: ಒಂದು ಕಡೆಯವರು ದೇವರು ನಮ್ಮೊಡನಿದ್ದಾನೆ ಎನ್ನಬೇಕು, ಇನ್ನೊಂದು ಕಡೆಯವರು ಯೇಸು ಮೇರಿಯರ ಹೆಸರೆತ್ತಬೇಕು. ದೇವರೂ ಸಮವಸ್ತ್ರದ ಕೆಲಸ ಮಾಡಬೇಕಾಯಿತು.

ಗುರುತು ತಪ್ಪಿದರೆ ಏನಾಗುತ್ತಿತ್ತು ಎಂಬುದಕ್ಕೆ ಇಂಗ್ಲೆಂಡಿನ ಒಂದು ಕಥೆ ಓದಿದೆ. ಜರ್ಮನಿಯಲ್ಲಿ ಇನ್ನೂ ಬಡಿದಾಟ ನಡೆಯುತ್ತಿರುವಾಗಲೇ ಇಂಗ್ಲೆಂಡಿನಲ್ಲಿ ದೊರೆಗೂ ಪಾರ್ಲಿಮೆಂಟಿಗೂ ಯುದ್ಧ ಹತ್ತಿತು. 1642ರ ಅಕ್ಟೋಬರಿನಲ್ಲಿ ಎಡ್ಜ್‌ಹಿಲ್ ಎಂಬಲ್ಲಿ ಮೊದಲ ದೊಡ್ಡ ಕಾಳಗ. ಪಾರ್ಲಿಮೆಂಟಿನ ಕಡೆಯವರದು ಕಿತ್ತಳೆ ಬಣ್ಣದ ನಡುಕಟ್ಟು. ಆ ಕಡೆಯ ಒಬ್ಬ ಸರದಾರ, ಫಾರ್ಟೆಸ್ಕ್ಯೂ ಎಂಬವನು, ಕಾಳಗ ತೊಡಗುತ್ತಲೂ ತನ್ನ ಕುದುರೆಯಾಳುಗಳೊಂದಿಗೆ ದೊರೆಯ ಪಕ್ಷಕ್ಕೆ ಸೇರಿಬಿಟ್ಟ. ಸೇರಿದ್ದೇನೋ ಸರಿ, ಕೆಲವರು ಆತುರದಲ್ಲಿ ನಡುಕಟ್ಟು ಬಿಚ್ಚಿ ಎಸೆಯಲು ಮರೆತರು. ಅವರಲ್ಲಿ 17-18 ಮಂದಿಯನ್ನು ಹೊಸ ಸ್ನೇಹಿತರೇ ಕಡಿದು ಹಾಕಿದರು. ಅದೇ ದಿನ ದೊರೆಯ ಕಡೆಯ ಸ್ಮಿತ್ ಎಂಬ ಸರದಾರ ಬಿದ್ದಿದ್ದ ಒಂದು ಕಿತ್ತಳೆ ನಡುಕಟ್ಟನ್ನು ತಾನು ಕಟ್ಟಿಕೊಂಡು, ಶತ್ರುಗಳ ನಡುವೆ ನಿರಾತಂಕವಾಗಿ ಹೋಗಿ, ಅವರು ಕಸಿದಿದ್ದ ರಾಜಧ್ವಜವನ್ನು ಹಿಂದಕ್ಕೆ ತಂದ. ದೊರೆ ಅವನಿಗೆ ಸರ್ ಪದವಿ ಕೊಟ್ಟ. ಒಂದು ಮೊಳ ಬಟ್ಟೆ ಕೆಲವರ ಜೀವ ತೆಗೆಯಿತು, ಒಬ್ಬನಿಗೆ ಬಿರುದು ತಂದಿತು. ಮುಂದೆ 1645ರಲ್ಲಿ ಪಾರ್ಲಿಮೆಂಟು ಕಟ್ಟಿದ ಹೊಸ ಸೈನ್ಯಕ್ಕೆಲ್ಲ ಕೆಂಪು ಕೋಟು ಬಂತು. ಕೆಂಪು ಯಾಕೆಂದರೆ, ನಮ್ಮ ಮಂಜಿಷ್ಠದ ಜಾತಿಯದೇ ಆದ ಒಂದು ಬೇರಿನಿಂದ ಬರುವ ಆ ಬಣ್ಣ ಅಗ್ಗ. ಆ ಅಗ್ಗದ ಬಣ್ಣವೇ ನೂರೈವತ್ತು ವರ್ಷಗಳ ಮೇಲೆ, 1799ರಲ್ಲಿ, ಶ್ರೀರಂಗಪಟ್ಟಣದ ಕೋಟೆಯ ಬಿರುಕಿನಲ್ಲಿ ಹತ್ತಿ ಬಂತು.

ಬಟ್ಟೆಯ ಕಥೆ ಹೀಗಾದರೆ ಆಯುಧದ ಕಥೆ ಇನ್ನೊಂದು. ಕಾಲಾಳುಗಳಲ್ಲಿ ಎರಡು ಬಗೆ: ಭರ್ಜಿಯವರು, ಕೋವಿಯವರು. ಭರ್ಜಿ ಐದು ಮೀಟರಿಗೂ ಮಿಕ್ಕ ಉದ್ದ. ಅಷ್ಟು ಉದ್ದದ ಕೋಲನ್ನು ಬರಿಯ ಸಂತೆಯಲ್ಲಿ ಹೊತ್ತು ನಡೆದರೂ ನಾಲ್ಕು ಜನರ ಕಣ್ಣು ಹೋದೀತು. ಕೋವಿಯವನ ಪಾಡು ಭರ್ಜಿಯವನಿಗಿಂತ ಕಷ್ಟ. ಅದು ಬತ್ತಿಯ ಕೋವಿ. ಪೆಟ್ಲುಪ್ಪಿನ ನೀರಿನಲ್ಲಿ ನೆನೆಸಿ ಒಣಗಿಸಿದ ಹಗ್ಗವೇ ಬತ್ತಿ. ಅದರ ಎರಡು ತುದಿಗೂ ಕೆಂಡ ಹಚ್ಚಿ ಕೈಯಲ್ಲಿ ಹಿಡಿದಿರಬೇಕು. ಒಂದು ಆರಿದರೆ ಇನ್ನೊಂದು ಇರಲಿ ಎಂದು. ಕೋವಿ ಭಾರ, ಆದ್ದರಿಂದ ಅದನ್ನು ಆನಿಸಲು ಒಂದು ಕವೆಗೋಲು. ಎದೆಯ ಅಡ್ಡಪಟ್ಟಿಗೆ ಮರದ ಸಣ್ಣ ಕೊಳವಿಗಳು ತೂಗಾಡುತ್ತವೆ, ಒಂದೊಂದರಲ್ಲಿಯೂ ಒಂದೊಂದು ಗುಂಡಿಗೆ ಬೇಕಾಗುವಷ್ಟು ಮದ್ದು. ಅವುಗಳಿಗೆ ಹನ್ನೆರಡು ಶಿಷ್ಯರು ಎಂದು, ಯೇಸುವಿನ ಶಿಷ್ಯರ ಹೆಸರು. ಮೈತುಂಬ ಮದ್ದು, ಕೈಯಲ್ಲಿ ಕೆಂಡ! ದೀಪಾವಳಿಯಲ್ಲಿ ಜೇಬಿನಲ್ಲಿ ಪಟಾಕಿ ತುಂಬಿಕೊಂಡು ಊದುಬತ್ತಿ ಹಿಡಿದು ಓಡಾಡುವ ಹುಡುಗನ ಕಿವಿ ಹಿಂಡದ ತಂದೆ ನಮ್ಮಲ್ಲಿ ಉಂಟೆ?

ಇದನ್ನೆಲ್ಲ ಸಿಪಾಯಿಗೆ ಕಲಿಸಬೇಕಲ್ಲ. 1607ರಲ್ಲಿ ಹಾಲೆಂಡಿನ ಹೇಗ್ ನಗರದಲ್ಲಿ ಯಾಕೋಬ್ ಡೆ ಗೇಯ್ನ್ ಎಂಬ ಚಿತ್ರಕಾರ ಇದಕ್ಕಾಗಿಯೇ ಒಂದು ಪುಸ್ತಕ ಹೊರಡಿಸಿದ. ಒಟ್ಟು 117 ಚಿತ್ರಗಳು. ಅದರಲ್ಲಿ ಭಾರದ ಕೋವಿಯೊಂದಕ್ಕೇ 43. ಬತ್ತಿಯನ್ನು ಊದು, ಕೊಳವಿಯ ಮುಚ್ಚಳ ತೆಗೆ, ಮದ್ದು ಸುರಿ, ಗುಂಡು ಹಾಕು, ಗಜದಿಂದ ಕುಟ್ಟು, ಹೀಗೆ ಒಂದು ಚಲನೆಗೆ ಒಂದು ಚಿತ್ರ. ನಾಟ್ಯಶಾಸ್ತ್ರದ ಹಸ್ತಗಳ ಪಟ ನೋಡಿದಂತಾಗುತ್ತದೆ. ಚಿತ್ರದ ಸಿಪಾಯಿಗಳೋ, ಗರಿಯ ಟೋಪಿ, ಕಸೂತಿಯ ಕೊರಳಪಟ್ಟಿ, ತಿದ್ದಿದ ಮೀಸೆ. ಮಳೆಯಲ್ಲಿ ನೆನೆದವರು, ಹಸಿದವರು, ಅಂಗಿ ಹರಿದವರು ಆ ಪುಸ್ತಕದಲ್ಲಿ ಒಬ್ಬರೂ ಇಲ್ಲ. ಮಳೆ ಬಂದರೆ ಬತ್ತಿ ಆರಿತು, 43 ಚಿತ್ರವೂ ವ್ಯರ್ಥ. ರಾತ್ರಿಯಾದರೆ ಕೆಂಡ ಮಿನುಗಿ ಸೈನ್ಯ ಎಲ್ಲಿದೆ ಎಂಬುದನ್ನು ಶತ್ರುವಿಗೆ ತಾನೇ ತೋರಿಸಿಕೊಡುತ್ತದೆ. ಇದನ್ನೂ ಉಪಾಯವಾಗಿ ಬಳಸಿದವರುಂಟು. 1643ರಲ್ಲಿ ಇಂಗ್ಲೆಂಡಿನ ಲ್ಯಾನ್ಸ್‌ಡೌನ್ ಗುಡ್ಡದ ಮೇಲೆ ಪಾರ್ಲಿಮೆಂಟಿನ ಸೇನಾಪತಿ ವಾಲರ್ ಉರಿಯುವ ಬತ್ತಿಗಳನ್ನು ಕಲ್ಲುಗೋಡೆಯ ಮೇಲೆ ಸಾಲಾಗಿ ಬಿಟ್ಟು, ಕತ್ತಲೆಯಲ್ಲಿ ಸದ್ದಿಲ್ಲದೆ ದಂಡನ್ನು ತೆಗೆದುಕೊಂಡು ಹೋದ. ಎದುರಾಳಿಗಳು ರಾತ್ರಿಯೆಲ್ಲ ಆ ಕೆಂಡಗಳಿಗೆ ಹೆದರಿ ಕುಳಿತಿದ್ದರು.

ಬತ್ತಿಯ ಕೋವಿ ನಮಗೂ ಅಪರಿಚಿತವಲ್ಲ. 1520ರಲ್ಲಿ ಕೃಷ್ಣದೇವರಾಯನು ರಾಯಚೂರಿನ ಕೋಟೆಯನ್ನು ಮುತ್ತಿದಾಗ ಕ್ರಿಸ್ತೊವಾವೊ ದೆ ಫಿಗೆರೆದೊ ಎಂಬ ಪೋರ್ಚುಗೀಸನು ತನ್ನ ಕೋವಿಯವರೊಡನೆ ಬಂದು, ಗೋಡೆಯ ಮೇಲೆ ತಲೆಯೆತ್ತಿದವರನ್ನು ಹೊಡೆದುರುಳಿಸಿದನೆಂದು ನೂನಿಜ್ ಬರೆದಿದ್ದಾನೆ. ಮಾರುವವರು ದೂರದ ಸಮುದ್ರವನ್ನೂ ದಾಟಿ ಬರುವ ಸರಕು ಅದು, ಆಗಲೂ.

ಗುಂಡು ಬಂದ ಮೇಲೆ ಉಕ್ಕಿನ ಕವಚದ ಮರ್ಯಾದೆ ತಗ್ಗಿತು. ಕಮ್ಮಾರರು ಸುಲಭಕ್ಕೆ ಸೋಲಲಿಲ್ಲ. ದಪ್ಪ ತಗಡು ಬಡಿದು, ಅದರ ಮೇಲೆ ತಾವೇ ಒಂದು ಗುಂಡು ಹಾರಿಸಿ, ತಗ್ಗು ಬಿದ್ದ ಜಾಗವನ್ನು ಗಿರಾಕಿಗೆ ತೋರಿಸುತ್ತಿದ್ದರು: ನೋಡಿ, ತೂತಾಗಿಲ್ಲ. ಸಂತೆಯಲ್ಲಿ ಮಡಕೆಯನ್ನು ಬೆರಳಿನಿಂದ ತಟ್ಟಿ ಕೊಳ್ಳುತ್ತೇವಲ್ಲ, ಅದೇ ಪರೀಕ್ಷೆ. ಆದರೆ ಗುಂಡು ತಡೆಯುವ ಕವಚ ಭಾರ. ಅದನ್ನು ಹೊತ್ತು ನಡೆಯುವುದು ಹೇಗೆ? ಕಾಲಾಳು ಒಂದೊಂದೇ ತುಂಡನ್ನು ಬಿಸಾಡಿದ. ಮಧ್ಯದ ದಾರಿಯಾಗಿ ಉಳಿದದ್ದು ಚರ್ಮದ ಕೋಟು. ಕತ್ತಿಯ ಬೀಸೇಟನ್ನು ತಡೆದೀತು, ಗುಂಡನ್ನು ತಡೆಯದು.

ಗುಸ್ತಾವ್ ಅಡಾಲ್ಫ್ ಅದನ್ನೇ ತೊಡಬೇಕಾಗಿದ್ದುದಕ್ಕೆ ಕಾರಣ ಬೇರೆ. 1627ರಲ್ಲಿ ಪೋಲೆಂಡಿನವರ ಮೇಲಿನ ಯುದ್ಧದಲ್ಲಿ ಅವನ ಭುಜಕ್ಕೆ ಗುಂಡು ಹೊಕ್ಕು ಕತ್ತಿನ ಬಳಿಯಲ್ಲೇ ನಿಂತಿತು. ವೈದ್ಯರಿಗೆ ತೆಗೆಯಲಾಗಲಿಲ್ಲ. ಆ ಮೇಲೆ ಉಕ್ಕಿನ ಭಾರವನ್ನು ಅವನ ಹೆಗಲು ತಾಳುತ್ತಿರಲಿಲ್ಲ. ಆ ವರ್ಷ ತಾನು ತೊಟ್ಟಿದ್ದ ರಕ್ತದ ಬಟ್ಟೆಗಳನ್ನು ಎಂದೆಂದಿಗೂ ನೆನಪಿಗೆ ಕಾದಿಡಬೇಕೆಂದು 1628ರಲ್ಲಿ ಅವನೇ ಅಪ್ಪಣೆ ಮಾಡಿದ. ಆ ನೆಲಮಾಳಿಗೆಯ ಆಯುಧಶಾಲೆ ಹುಟ್ಟಿದ್ದೇ ಹಾಗೆ. ದೊರೆಯ ಅಂಗಿಗೆ ರಕ್ತ ತಗಲಿದರೆ ಅದು ಚರಿತ್ರೆ.

1632ರ ನವೆಂಬರ್ 6, ಈಗಿನ ಲೆಕ್ಕದಲ್ಲಿ 16. ಲ್ಯೂಟ್ಸೆನಿನಲ್ಲಿ ಮಂಜು, ಮೇಲೆ ಮದ್ದಿನ ಹೊಗೆ. ದೊರೆಗೆ ದೂರದ ದೃಷ್ಟಿ ಮಂದ. ತನ್ನವರಿಂದ ಬೇರ್ಪಟ್ಟು ಶತ್ರುಗಳ ಕುದುರೆಯಾಳುಗಳ ನಡುವೆ ಹೊಕ್ಕುಬಿಟ್ಟ. ಮೊದಲು ತೋಳಿಗೆ ಗುಂಡು, ಆಮೇಲೆ ಬೆನ್ನಿಗೆ. ವಯಸ್ಸು 37. ಕೊಂದವರಿಗೆ ಅವನು ದೊರೆಯೋ ಸರದಾರನೋ ಎಂಬ ಯೋಚನೆಗಿಂತ ಮುಂಚೆ ಬಂದ ಯೋಚನೆ ಬಟ್ಟೆಯದು. ಅವನ ಮೈಮೇಲಿದ್ದುದನ್ನೆಲ್ಲ ಬಿಚ್ಚಿಕೊಂಡು ಹೋದರು. ಕತ್ತಲಾಗುವ ಹೊತ್ತಿಗೆ ಅವನವರಿಗೆ ಸಿಕ್ಕಾಗ ಹೆಣದ ಮೇಲೆ ಒಳಂಗಿ ಬಿಟ್ಟು ಬೇರೇನೂ ಇರಲಿಲ್ಲ. ಕೋಟು ವಿಯೆನ್ನಾಕ್ಕೆ, ಚಕ್ರವರ್ತಿಯ ಬಳಿಗೆ, ವಿಜಯದ ಗುರುತಾಗಿ ಹೋಯಿತು. ಸುಮಾರು ಮುನ್ನೂರು ವರ್ಷ ಅಲ್ಲಿಯೇ ಇತ್ತು. ಮೊದಲ ಮಹಾಯುದ್ಧದ ಮೇಲೆ ಹಸಿದ ಆಸ್ಟ್ರಿಯಕ್ಕೆ ಸ್ವೀಡನ್ನಿನ ರೆಡ್‌ಕ್ರಾಸ್ ನೆರವಾದುದಕ್ಕೆ ಕೃತಜ್ಞತೆಯೆಂದು 1920ರಲ್ಲಿ ಅದನ್ನು ಹಿಂದಕ್ಕೆ ಕೊಟ್ಟರು. ದೋಚಿದ ಕೋಟು ಒಂದು, ಊಟದ ಋಣ ತೀರಿಸಲು ತಿರುಗಿ ಬಂದದ್ದನ್ನು ನಾನು ಬೇರೆಲ್ಲಿಯೂ ಓದಿಲ್ಲ.

ಅದೇ ಬಯಲಿನಲ್ಲಿ 2011ರಲ್ಲಿ ಅಗೆಯುವಾಗ ಒಂದು ಗುಂಡಿ ಸಿಕ್ಕಿತು. ಒಂದರ ಮೇಲೊಂದು 47 ಗಂಡಸರ ಅಸ್ಥಿಗಳು. ಮಣ್ಣನ್ನು ಹೆಂಟೆಯ ಹಾಗೆ ಇಡಿಯಾಗಿ ಎತ್ತಿ ಜರ್ಮನಿಯ ಹಾಲೆ ನಗರದ ವಸ್ತುಸಂಗ್ರಹಾಲಯಕ್ಕೆ ಒಯ್ದು ಪರೀಕ್ಷಿಸಿದರು. ಅರ್ಧಕ್ಕಿಂತ ಹೆಚ್ಚು ಜನರ ಎಲುಬಿನಲ್ಲಿ ಗುಂಡಿನ ಗುರುತು. ಕೆಲವರಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಮೈಮೇಲೆ ಬಟ್ಟೆಯಿರಲಿಲ್ಲ, ಹೂಳುವ ಮುಂಚೆಯೇ ಎಲ್ಲವನ್ನೂ ಸುಲಿದಿದ್ದರು. ಬೂಟು, ಅಂಗಿ, ಚಣ್ಣ, ಯಾವುದನ್ನೂ ನೆಲಕ್ಕೆ ಬಿಟ್ಟುಕೊಟ್ಟಿಲ್ಲ. ಯಾವ ಕಡೆಯವರು? ಸೊಪ್ಪಿನ ಕುಡಿಯೂ ಇಲ್ಲ, ಕೆಂಪು ನಡುಕಟ್ಟೂ ಇಲ್ಲ.

ಸುಲಿದವರು ರಾಕ್ಷಸರೆಂದು ನಾನು ಹೇಳಲಾರೆ. ಆ ಯುದ್ಧದಲ್ಲಿ ಕಾಲು ಶತಮಾನ ನಡೆದ ಒಬ್ಬ ಬಡ ಸಿಪಾಯಿಯ ದಿನಚರಿ 1988ರಲ್ಲಿ ಬರ್ಲಿನಿನ ಪುಸ್ತಕಭಂಡಾರದಲ್ಲಿ ಸಿಕ್ಕಿತು. ಅದರ ಮೇಲೆ ಬರೆದವನ ಹೆಸರಿರಲಿಲ್ಲ. ಪಂಡಿತರು ಅವನ ಮಕ್ಕಳ ಹೆಸರನ್ನು ಇಗರ್ಜಿಯ ಪುಸ್ತಕಗಳಲ್ಲಿ ಹುಡುಕಿ, ತಂದೆ ಪೀಟರ್ ಹಾಗೆನ್‌ಡಾರ್ಫ್ ಎಂದು ಗುರುತು ಹಿಡಿದರು. 1631ರಲ್ಲಿ ಮಾಗ್ಡೆಬರ್ಗ್ ನಗರಕ್ಕೆ ನುಗ್ಗುವಾಗ ಅವನಿಗೆ ಎರಡು ಗುಂಡು ತಗಲಿದವು. ಒಂದು ಹೊಟ್ಟೆಗೆ, ಇನ್ನೊಂದು ಎರಡೂ ಭುಜಗಳನ್ನು ಹಾದು ಬಂದು ಅಂಗಿಯೊಳಗೇ ಉಳಿಯಿತಂತೆ. ಅವನನ್ನು ಬಿಡಾರದಲ್ಲಿ ಮಲಗಿಸಿದ್ದಾಗ, ಉರಿಯುತ್ತಿರುವ ಊರಿನೊಳಕ್ಕೆ ಹೋದವಳು ಅವನ ಹೆಂಡತಿ. ಗಂಡನಿಗೆ ಹಾಸಲು ಹಾಸಿಗೆ, ಕುಡಿಯಲು ವೈನು, ಜೊತೆಗೆ ಬಟ್ಟೆಗಳನ್ನು ಹೊತ್ತುಕೊಂಡು ಬಂದಳು. ಯಾರದೋ ಹಾಸಿಗೆ, ಯಾರದೋ ಬಟ್ಟೆ. ಅವರು ಬಹುಶಃ ಆ ಬೆಂಕಿಯಲ್ಲಿಯೇ ಇದ್ದರು. ಆ ಹೆಂಗಸಿನ ಬಗ್ಗೆ ಏನು ತೀರ್ಪು ಕೊಡುವುದು? ನಾನು ಪುಸ್ತಕ ಮುಚ್ಚಿಟ್ಟೆ. ಆಗ ನೆನಪಾದದ್ದು ನಮ್ಮ ಮಾವನ ಕೋಟು.

ಮಾವ ಎಂದರೆ ನಮ್ಮ ತಾಯಿಯ ಅಣ್ಣ. ಎರಡನೆಯ ಮಹಾಯುದ್ಧದಲ್ಲಿ ಸೇತುವೆ ಕಟ್ಟುವ ದಳದಲ್ಲಿದ್ದು, ಇಟಲಿಯವರೆಗೆ ಹೋಗಿ, 1946ರಲ್ಲಿ ಹಾಸನದ ಕಡೆಯ ನಮ್ಮ ಹಳ್ಳಿಗೆ ಹಿಂದಿರುಗಿದವರು. ತಂದದ್ದು ಒಂದು ತಗಡಿನ ಪೆಟ್ಟಿಗೆ, ಒಂದು ದಪ್ಪ ಖಾಕಿಯ ನಿಲುವಂಗಿ ಕೋಟು. ಅದು ಮನೆಯವರೆಲ್ಲರ ಆಸ್ತಿ. ರಾತ್ರಿ ಗದ್ದೆಗೆ ನೀರು ಕಟ್ಟಲು ಹೋಗುವವರು ತೊಡುತ್ತಿದ್ದರು. ಕಣ ಕಾಯುವವರು ಹೊದೆಯುತ್ತಿದ್ದರು. ಧನುರ್ಮಾಸದಲ್ಲಿ ನಾವು ಮೂವರು ಮಕ್ಕಳು ಅದರಡಿಯಲ್ಲಿ ಮಲಗುತ್ತಿದ್ದೆವು. ಕತ್ತಿನ ಪಟ್ಟಿಯ ಒಳಗೆ ಕಪ್ಪು ಮಸಿಯಲ್ಲಿ ಒಂದು ನಂಬರು ಇತ್ತು. ಅದು ಮಾವನ ನಂಬರು ಎಂದೇ ನಾವು ತಿಳಿದಿದ್ದೆವು.

1962ರಲ್ಲಿ ಚೀನದವರು ಗಡಿ ದಾಟಿದಾಗ ನನಗೆ 14 ವರ್ಷ. ಜವಾನರಿಗೆಂದು ಎಲ್ಲೆಡೆ ಉಣ್ಣೆ ಬಟ್ಟೆ ಸೇರಿಸುತ್ತಿದ್ದರು. ಹೆಂಗಸರು ಬಳೆ ಬಿಚ್ಚಿ ಕೊಟ್ಟ ದಿನಗಳು. ಅಮ್ಮನಿಗೆ ಕೊಡಲು ಬಳೆಯಿರಲಿಲ್ಲ. ಜಗಲಿಯಲ್ಲಿ ಕುಳಿತಿದ್ದ ಮಾವನನ್ನು ಕೇಳಿದಳು:

“ಅಣ್ಣಯ್ಯ, ಆ ಕೋಟನ್ನು ಒಗೆದು ಕೊಟ್ಟುಬಿಡಲೆ? ಯಾವ ತಾಯಿಯ ಮಗನಿಗಾದರೂ ಆದೀತು.”

ಮಾವ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, “ಬೇಡ ಕಣಮ್ಮ. ಅದು ಒಬ್ಬ ಸಿಪಾಯಿಯ ಮೈಯಿಂದ ಬಿಚ್ಚಿದ್ದು. ಇನ್ನೊಬ್ಬನಿಗೆ ತೊಡಿಸುವುದು ಬೇಡ” ಎಂದರು.

ಇಟಲಿಯಲ್ಲಿ ಚಳಿಗಾಲ; ಹೊಳೆಯ ದಡದಲ್ಲಿ ರಾತ್ರಿಯ ಕೆಲಸ. ಮಾವನ ಕೋಟು ಲಾರಿಯೊಂದಿಗೆ ಹಿಂದೆಯೇ ಉಳಿದಿತ್ತು. ಷೆಲ್ ಬಿದ್ದು ಪಕ್ಕದಲ್ಲಿದ್ದವನು ಸತ್ತ. ಬೇರೆ ದಳದವನು, ಹೆಸರು ಗೊತ್ತಿಲ್ಲ. ಸಂಜೆಯಷ್ಟೇ ಬೀಡಿ ಹಂಚಿಕೊಂಡಿದ್ದ. ಬೆಳಗಾಗುವವರೆಗೆ ಅಲ್ಲಿಂದ ಕದಲುವಂತಿರಲಿಲ್ಲ. ಮಾವ ಕೋಟು ಬಿಚ್ಚಿಕೊಂಡರು. ಒಂದು ತೋಳು ಸುಲಭವಾಗಿ ಬಂತಂತೆ. ಇನ್ನೊಂದಕ್ಕೆ ಅವನನ್ನು ಮಗ್ಗುಲಾಗಿ ಹೊರಳಿಸಬೇಕಾಯಿತು.

“ಇನ್ನೂ ಬಿಸಿಯಾಗಿತ್ತು” ಎಂದರು ಮಾವ, ಅಮ್ಮನ ಕಡೆ ನೋಡದೆ. “ಕೋಟು.”

ಅಮ್ಮ ಒಳಗೆ ಹೋದಳು. ತಾಲ್ಲೂಕು ಕಚೇರಿಗೆ ಎರಡು ಕಂಬಳಿ ಹೋದವು. ಕೋಟು ಗೂಟದಲ್ಲಿಯೇ ಉಳಿಯಿತು. ಆ ಧನುರ್ಮಾಸದಲ್ಲಿಯೂ ನಾವು ಅದರಡಿಯಲ್ಲಿಯೇ ಮಲಗಿದೆವು, ಬೇರೆ ಹೊದಿಕೆ ಇರಲಿಲ್ಲ. ಆದರೆ ಅದರ ಕತ್ತಿನ ಪಟ್ಟಿ ನನ್ನ ಗಲ್ಲಕ್ಕೆ ತಗಲಿದರೆ ಎಚ್ಚರವಾಗುತ್ತಿತ್ತು. ಕೆಲವು ವರ್ಷಗಳಲ್ಲಿ ನುಸಿ ಹಿಡಿದು ಅದು ಚಿಂದಿಯಾಯಿತು. ಆ ನಂಬರನ್ನು ಬರೆದಿಟ್ಟುಕೊಳ್ಳಬೇಕೆಂದು ಚರಿತ್ರೆಯ ಮೇಷ್ಟರಾಗಬೇಕಾಗಿದ್ದ ಹುಡುಗನಿಗೆ ಹೊಳೆಯಲಿಲ್ಲ. ಕೊನೆಯ ಮೂರು ಅಂಕಿಗಳು ಮಾತ್ರ ನೆನಪಿವೆ: 417.